ಶ್ರಾವಣದ ಮರಿ

ಟಗರಿನ ಹೊಟ್ಟೆಯಡಿ ಕಟ್ಟಿದ್ದ ಅರಿವೆಯನ್ನು ಕಾಜಲ ಬಿಚ್ಚಿದ್ದು ಬರೀ ಕನಿಕರದಿಂದ. ಇಚಲಕರಂಜಿಯ ಮಗ್ಗಗಳ ಸದ್ದಿನಲ್ಲಿ ಬೆಳೆದ ಹುಡುಗಿ. ಗಡಹಿಂಗ್ಲಜ ಕಡೆಯ ಈ ಕುರುಬರ ಮನೆಗೆ ಸೊಸೆಯಾಗಿ ಬಂದು ಇನ್ನೂ ಹೊಸತು. ಅರಿವೆ ತಿಕ್ಕಿ ಟಗರಿನ ಚರ್ಮ ಕೆಂಪಾಗಿತ್ತು. ಕೊಬ್ಬರಿ ಎಣ್ಣೆ ಸವರಿ, ಅರಿವೆಯನ್ನು ಒಗೆದು ಬೇಲಿಗೆ ಹರವಿದಳು.

ಸಂಜೆ ಮಾವ ಧೋಂಡಿಬಾ ಸಂತೆಯಿಂದ ಬಂದಾಗ, ಟಗರು ಹಟ್ಟಿಯಲ್ಲಿ ಕಪ್ಪು-ಬಿಳಿ ಮಚ್ಚೆಯ ಹಂಡ ಕುರಿಯ ಬೆನ್ನು ಬಿಟ್ಟಿರಲಿಲ್ಲ.

"ಇದರ ಅರಿವಿ ಯಾರ ಬಿಚ್ಚಿದ್ರು?"

"ನಾನ್ರೀ ಮಾವಾರ. ಗಾಯ ಆಗಿತ್ತರಿ."

ಧೋಂಡಿಬಾ ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತ. "ಗಾಯ ನೋಡಿದಿ, ಛಲೋ ಆತು. ಆದ್ರ ಅದನ್ನ ಕಟ್ಟೂದು ಟಗರು ಕುರಿ ಮ್ಯಾಲ ಹೋಗಬಾರದು ಅಂತವ್ವಾ. ಕಾರಹುಣ್ಣಿವಿಗೆ ಬಿಚ್ಚಿದ್ರ ದೀಪಾವಳಿ ದಾಟಿ ಮರಿ ಹಾಕ್ತಾವ. ಆವಾಗ ಹೊಲದಾಗ ಮೇವು, ಮೈಮ್ಯಾಲ ಎಳಿ ಬಿಸಲು. ಈಗಿನ್ನೂ ಹೋಳಿ. ಇವತ್ತ ನಿಂತ ಗರ್ಭ ಶ್ರಾವಣದ ಜಡಿಮಳ್ಯಾಗ ಬೀಳತೈತಿ. ಆ ಥಂಡಿಗೆ ಮರಿ ಉಳಿಯೂದು ಭಾಳ ಕಠಿಣ."

ಕಾಜಲ ಕಣ್ಣೊರೆಸಿಕೊಂಡಳು. ಒಂದು ಜೀವಕ್ಕೆ ಎಣ್ಣೆ ಹಚ್ಚಲು ಹೋಗಿ ಇನ್ನೊಂದನ್ನು ಹುಟ್ಟುವ ಮೊದಲೇ ಕೊಂದೆನೇ?

ಜೋಳ ಹಸನು ಮಾಡುತ್ತಿದ್ದ ಅತ್ತೆ ಲಗಮವ್ವ ಮೊರದಿಂದ ಕಣ್ಣೆತ್ತಲಿಲ್ಲ. "ಭಾರಿ ಲೆಕ್ಕಾ ಹೇಳಾಕ ಬಂದಾರ. ನಿಮ್ಮ ಮಗ, ಈಕಿ ಗಂಡ ಶುಭಮ ಹುಟ್ಟಿದ್ದ ಯಾವಾಗರಿ? ಶ್ರಾವಣದ ಮಳ್ಯಾಗ ಅಲ್ಲೇನು? ಆವಾಗ ನಿಮಗ ಅರಿವಿ ಕಟ್ಟಾಕ ಯಾರೂ ಇದ್ದಿದ್ದಿಲ್ಲೇನು?"

ಧೋಂಡಿಬಾ ಮೀಸೆಯೊಳಗೇ ನಕ್ಕು, ಕೈಕಾಲು ತೊಳೆಯಲು ಎದ್ದುಹೋದ. ಕಾಜಲ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುವಿನ ನಡುವೆ ನಗು ಬಂದುಬಿಟ್ಟಿತ್ತು.

ಶ್ರಾವಣದಲ್ಲಿ, ಹಿಡಿದ ಮಳೆ ಬಿಡದಿದ್ದಾಗಲೇ, ಹಂಡ ಕುರಿ ಮರಿ ಹಾಕಿತು. ಹಟ್ಟಿಯ ತುಂಬ ಕೆಸರು. ಕಾಲೂರಲಾಗದೆ ನಡುಗುತ್ತಿದ್ದ ಮರಿಯನ್ನು ಎದೆಗವಚಿಕೊಂಡು ಕಾಜಲ ಒಳಗೆ ಓಡಿದಳು. ಹಿಂದೆಯೇ ತಾಯಿ ಕುರಿ. ಮನೆಯಲ್ಲಿ ಬೆಚ್ಚಗಿನ ಜಾಗವೆಂದರೆ ಒಂದೇ, ಒಲೆಯ ಪಕ್ಕ, ಮಾವ ಮಲಗುತ್ತಿದ್ದ ಮೂಲೆ. ಅಲ್ಲಿ ಹಾಸಿಗೆ ಇರಲಿಲ್ಲ. ಅದರ ಜಾಗದಲ್ಲಿ ಕಬ್ಬಿನ ಒಣಗಿದ ಎಲೆಗಳ ರವದಿ ಹಾಸಿ, ಮೇಲೆ ಗೋಣಿತಾಟು ಹೊದಿಸಲಾಗಿತ್ತು.

ಒಲೆಯ ಕಾವಿಗೆ ಮರಿಯ ಮೈ ಆರಿತು. ಕೊನೆಗೊಮ್ಮೆ ಎದ್ದು ನಿಂತು, ಬಾಲ ಆಡಿಸುತ್ತ ಮೊಲೆ ಚೀಪತೊಡಗಿತು. ಆಮೇಲೆಯೇ ಕಾಜಲ ಪಡಸಾಲೆಗೆ ಬಂದಳು.

"ಮಾವಾರ, ಇಲ್ಲಿ ಯಾಕ ಹಾಸಗೊಂಡೀರಿ? ಮಾಳಿಗಿ ಸೋರಾಕತ್ತೈತಿ."

"ಒಳಗ ಭಾಳ ಶೆಕಿ ಆಗತೈತವ್ವಾ," ಎಂದ ಧೋಂಡಿಬಾ, ಕಂಬಳಿಯ ತುದಿಯಿಂದ ಮಳೆನೀರು ಹಿಂಡುತ್ತ.