ಪೆಟ್ಟಿಗೆಯ ತಳದ ಬಿಳಿ ಬಟ್ಟೆ

ಗುರುವಾರ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಪೀರಬಿ ಅಂಗಡಿಯ ಮೆಟ್ಟಿಲು ಹತ್ತಿದಳು. ಬಿಳಿ ಬಟ್ಟೆಗೆ ಕತ್ತರಿ ಬಿದ್ದು ಆಗಲೇ ಎರಡು ದಿನವಾಗಿತ್ತು.

ಆಳಂದದ ಬಸ್ ನಿಲ್ದಾಣದ ಹಿಂದಿನ ಆ ಅಂಗಡಿ ಬಸವೇಶ್ವರಿಯದು. ತೀರಿಹೋದವರ ಸೀರೆ, ಹಾಸು, ದಿಂಬಿನ ಗೌಸುಗಳನ್ನು ಬಿಚ್ಚಿ ಮನೆಮಂದಿಗೆ ನೆನಪಿನ ವಸ್ತು ಹೊಲಿದುಕೊಡುವುದು ಅವಳ ಕಸುಬು. ಕಳೆದ ವರ್ಷ ಹಿರೋಳ್ಳಿಯವರೊಬ್ಬರ ಇಳಕಲ್ ಸೆರಗು ಅವಳ ಮೇಜಿನಿಂದಲೇ ಕಾಣೆಯಾಗಿತ್ತು. ಯಾರೋ ಮಾತಿಗೆಂದು ಹೊರಗೆ ಕರೆದಿದ್ದರು, ಅವಳು ಹೋಗಿದ್ದಳು, ಅಷ್ಟೇ. ಕಳ್ಳಿ ಎಂಬ ಮಾತು ಊರೂರು ಸುತ್ತಿ, ಆರು ತಿಂಗಳು ಯಾರೂ ಅಂಗಡಿಗೆ ಬರಲಿಲ್ಲ. ಅಂದಿನಿಂದ ಅವಳು ಬಟ್ಟೆಯನ್ನು ತೂಗಿ ಇಸಿದುಕೊಳ್ಳುತ್ತಿದ್ದಳು, ಚೂರುಪಾರು ಸಮೇತ ತೂಗಿ ಕೊಡುತ್ತಿದ್ದಳು. ಇನ್ನೊಂದು ಗೇಣು ಹೆಚ್ಚುಕಡಿಮೆಯಾದರೆ ಅಂಗಡಿ ಮುಚ್ಚಬೇಕು. ಅದು ಅವಳಿಗೆ ಗೊತ್ತಿತ್ತು.

ಈ ಸಲದ ಬಟ್ಟೆ ಮೂರು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ತೀರಿಕೊಂಡ ಶಮ್ಸುನ್ನಿಸಾಳ ಪೆಟ್ಟಿಗೆಯದು. ತಂದವಳು ಮೊಮ್ಮಗಳು ಆಯೇಶಾ. ಕಸೂತಿ ಹಾಕಿದ ನಾಲ್ಕು ದಿಂಬಿನ ಗೌಸು, ಊಟಕ್ಕೆ ಹಾಸುವ ಒಂದು ಹಳೆಯ ದಸ್ತರಖಾನ, ಪೆಟ್ಟಿಗೆಯ ತಳದಲ್ಲಿದ್ದ ಬಿಳಿ ಬಟ್ಟೆ. ಬಿಳಿಯದಕ್ಕೆ ಕಸೂತಿಯಿರಲಿಲ್ಲ, ಅಂಚನ್ನೂ ಮಡಿಚಿ ಹೊಲಿದಿರಲಿಲ್ಲ. ಒಮ್ಮೆ ನೀರಲ್ಲಿ ಅದ್ದಿ ಇಸ್ತ್ರಿಯಿಲ್ಲದೆ ಒಣಗಿಸಿದಂತೆ ಬಿರುಸಾಗಿತ್ತು. ಮಡಿಕೆಗಳಲ್ಲಿ ಕರ್ಪೂರದ ವಾಸನೆ. ನುಸಿಗೆ ಹಾಕಿರಬೇಕೆಂದುಕೊಂಡು ಬಸವೇಶ್ವರಿ ಅದನ್ನು ಕೊಡವಿ ಮೇಜಿನ ಮೇಲೆ ಹರವಿದ್ದಳು. ಅದರಿಂದ ಆಯೇಶಾಳ ಕೂಸಿಗೊಂದು ಕುಂಚಿಗೆ, ತಲೆಯಿಂದ ಬೆನ್ನವರೆಗೆ ಇಳಿಯುವ ಟೊಪ್ಪಿಗೆ, ಸಿದ್ಧವಾಗಿತ್ತು. ಗೌಸಿನ ಹೂವುಗಳನ್ನು ಅದರ ನೆತ್ತಿಗೆ ಕೂಡಿಸಿದ್ದಳು. ಕೂಸಿಗೆ ಅಂದು ನಲವತ್ತು ದಿನ. ಮಧ್ಯಾಹ್ನದ ಗಾಡಿಗೆ ತಾಯಿ ಮಗು ಜೇವರ್ಗಿಗೆ, ಗಂಡನ ಮನೆಗೆ ಹೊರಡುವವರು. ಅಳತೆ ನೋಡಲೆಂದು ಆಯೇಶಾ ಕೂಸನ್ನೆತ್ತಿಕೊಂಡು ಅಲ್ಲೇ ಕೂತಿದ್ದಳು.

ಪೀರಬಿ ಶಮ್ಸುನ್ನಿಸಾಳ ಅಕ್ಕ, ಮಣ್ಣೂರಿನವಳು. ಕೈಯಲ್ಲಿ ಸೊಲ್ಲಾಪುರದ ಆಸ್ಪತ್ರೆಯೊಂದರ ದೊಡ್ಡ ಪ್ಲಾಸ್ಟಿಕ್ ಚೀಲ. ಒಳಗೆ ಎಕ್ಸ್-ರೇ ಹಾಳೆಗಳಿದ್ದವು. ಬಟ್ಟೆ ಹಿಡಿಸುವಷ್ಟು ಜಾಗವೂ ಇತ್ತು. ಬಸವೇಶ್ವರಿ ಅದನ್ನು ಗಮನಿಸಿದಳು.

"ಪೆಟ್ಟಿಗ್ಯಾಗಿನ ಬಿಳೀ ಬಟ್ಟಿ ಎಲ್ಲೈತಿ?"

"ಬಂದ್ಳು ನೋಡ್ರಿ ನಮ್ಮ ಬಡೀ ನಾನಿ," ಎಂದಳು ಆಯೇಶಾ. "ತಾಂಬ್ರದ ಹಂಡೆ ಒಯ್ದಾತು. ಈಗ ಬಟ್ಟಿ."

"ಹಂಡೆ ನನ್ನ ತಂಗಿನೇ ಕೊಟ್ಟಾಳ ಬೇ. ಬಟ್ಟಿ ನಾ ಆಕಿಗೆ ಕೊಟ್ಟಿದ್ದೆ. ಇಟ್ಕೊಳ್ಳಾಕ."

"ಕೊಟ್ಟಮ್ಯಾಲ ಮುಗೀತು."

ಪೀರಬಿ ಮೇಜಿನ ಬಳಿ ಬಂದು, ಉಳಿದ ಬಟ್ಟೆಯನ್ನು ಮೊಣಕೈಗೆ ಹಿಡಿದು ಅಳೆದಳು. ಆರು ಮೊಳಕ್ಕೆ ಬಟ್ಟೆ ಮುಗಿಯಿತು.

"ಸಾಲಂಗಿಲ್ಲ," ಎಂದಳು ತನ್ನಷ್ಟಕ್ಕೆ.

"ನಿಮಗ ಎರಡು ಝಂಪರ್ ಆಗ್ತಾವಲ್ರಿ," ಎಂದಳು ಬಸವೇಶ್ವರಿ, ಬಟ್ಟೆಯ ಇನ್ನೊಂದು ತುದಿ ಬಿಡದೆ.

"ನನಗ ಹೊಲಿಗಿ ಬ್ಯಾಡ ತಂಗಿ. ಹೊಲದ್ರ ಉಪಯೋಗಿಲ್ಲ."

"ಹೊಲೀದ ಬಟ್ಟಿ ಯಾತಕ್ಕ? ಮಾರಾಕೇನು?" ಆಯೇಶಾ ನಕ್ಕಳು.

ಬಸವೇಶ್ವರಿ ನಗಲಿಲ್ಲ. "ನಿಮ್ಮದ ಅಂದ್ರ ಒಂದು ಗುರುತು ಹೇಳ್ರಿ. ಯಾವಾಗ ತಂದ್ರಿ, ಯಾತಕ್ಕ ತಂದ್ರಿ. ಖರೆ ಅನಿಸಿದ್ರ ಆಯೇಶಾನ ಮುಂದ ನಾನೇ ಕೊಡ್ತೇನಿ."

ಪೀರಬಿ ಬಾಯಿ ತೆರೆದಳು. ಅಷ್ಟರಲ್ಲಿ ಕೂಸು ಎಚ್ಚರಗೊಂಡು ಅವಳತ್ತ ಕಣ್ಣು ಬಿಟ್ಟಿತು. ಅವಳು ತುಟಿ ಬಿಗಿದಳು.

"ಇಲ್ಲಿ ಹೇಳೂದಲ್ಲ. ಒಂದೀಟು ಹೊರಗ ಬಾ. ಒಂದ ಮಾತು."

ಬಸವೇಶ್ವರಿ ಬಟ್ಟೆಯ ತುದಿಯನ್ನು ಕೈಗೆ ಸುತ್ತಿಕೊಂಡಳು. ಹೋದ ವರ್ಷದ್ದೂ ಇದೇ ಮಾತು.

"ಬಟ್ಟಿ ಬಿಟ್ಟು ನಾ ಎಲ್ಲೂ ಬರಂಗಿಲ್ರಿ. ಹೇಳೂದಿದ್ರ ಇಲ್ಲೇ ಹೇಳ್ರಿ."

"ಈ ಕೂಸಿನ ಮುಂದ?"

"ಕೂಸಿಗೇನು ತಿಳೀತದ್ರಿ?"

ಆಯೇಶಾ ಹಟಕ್ಕೆ ಬಿದ್ದವಳಂತೆ ಕುಂಚಿಗೆಯನ್ನೆತ್ತಿ ಕೂಸಿನ ತಲೆಗೆ ತೊಡಿಸಿದಳು. ಮುದುಕಿ "ಯಾ ಅಲ್ಲಾ" ಎಂದು ಒಂದು ಹೆಜ್ಜೆ ಮುಂದೆ ಬಂದಳು, ಕಿತ್ತುಕೊಳ್ಳುವವಳಂತೆ ಕೈ ಚಾಚಿದಳು. ಬಸವೇಶ್ವರಿ ನಡುವೆ ನಿಂತಳು. ಚಾಚಿದ ಕೈ ಗಾಳಿಯಲ್ಲೇ ಉಳಿಯಿತು.

ಆಮೇಲೆ ಪೀರಬಿ ಬಸವೇಶ್ವರಿಯನ್ನು ಮೆಲ್ಲಗೆ ಸರಿಸಿ, ಕುಂಚಿಗೆಯ ಲಾಡಿಯನ್ನು ಕೂಸಿನ ಗದ್ದದ ಕೆಳಗೆ ತಾನೇ ಕಟ್ಟಿದಳು. ತುಟಿಯಲ್ಲೇ ಏನೋ ಓದಿ ಹಣೆಯ ಮೇಲೆ ಊದಿದಳು. ಬಹಳ ಹೊತ್ತು ಓದಿದಳು.

"ನೂರು ವರ್ಷ ಹಾಕ್ಕೋ," ಎಂದಳು. "ಉಳದದ್ದೂ ಇವಂದೇ. ನಾ ಕೇಳಂಗಿಲ್ಲ."

"ಅಂದ್ರ ನಿಮ್ಮದಲ್ಲಂತ ಒಪ್ಕೊಂಡ್ರಿ?"

"ಒಪ್ಕೊಂಡೆ, ತಂಗಿ."

ಚೀಲ ಎತ್ತಿಕೊಂಡು ಅಫಜಲಪುರದ ಬಸ್ಸಿಗೆ ಹೋದಳು. ಬಸವೇಶ್ವರಿ ಎಲ್ಲವನ್ನೂ ತಕ್ಕಡಿಗೆ ಹಾಕಿದಳು. ತೂಕ ಸರಿ ಬಂತು. "ನಿಮ್ಮಂಥಾಕಿ ಇದ್ದಿದ್ದಕ್ಕ ಉಳೀತ್ರಿ," ಎಂದಳು ಆಯೇಶಾ. ಆ ಮಾತನ್ನು ಜೇವರ್ಗಿಯಲ್ಲೂ ಹತ್ತು ಜನಕ್ಕೆ ಹೇಳಿದಳು. ವಾರದಲ್ಲಿ ಮೂರು ಮನೆಯವರು ಬಟ್ಟೆ ತಂದುಕೊಟ್ಟರು.

ಹನ್ನೆರಡನೆಯ ದಿನ ಪೀರಬಿ ಮಣ್ಣೂರಿನಲ್ಲಿ ತೀರಿಕೊಂಡಳು. ಹಜ್‌ಗೆ ಹೋದಾಗ ತನ್ನ ಹೆಣಕ್ಕೆ ಹೊದಿಸಲೆಂದು ಮೆಕ್ಕಾದ ಪವಿತ್ರ ಝಮ್‌ಝಮ್ ನೀರಿನಲ್ಲಿ ಅದ್ದಿ ಒಣಗಿಸಿ ತಂದ ಕಫನ್ ಬಟ್ಟೆಯನ್ನು, ಭೀಮಾ ಹೊಳೆಯ ನೀರು ಮನೆಗೆ ನುಗ್ಗುತ್ತದೆಂಬ ಭಯಕ್ಕೆ, ಅವಳು ಆಳಂದದ ತಂಗಿಯ ಪೆಟ್ಟಿಗೆಯಲ್ಲಿ ಇಟ್ಟಿದ್ದಳೆಂದು ಮಣ್ಣೂರಿನವರಿಗೆಲ್ಲ ಗೊತ್ತಿತ್ತು. ತಂಗಿ ತೀರಿದ ಮೇಲೆ ಅದು ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದೆ, ಅಫಜಲಪುರದ ಅಂಗಡಿಯಿಂದ ಹೊಸದನ್ನು ತರಿಸಿ ಮಣ್ಣು ಮಾಡಿದರು.