ಒಂದು ಹನಿಯೂ ಬೇಡ

ಅತ್ತೆ ನೀರಿನ ಕ್ಯಾನನ್ನು ಇನ್ನೇನು ಬಗ್ಗಿಸಬೇಕು, ಸೊಸೆ ಓಡಿಬಂದು ಅದರ ಮೂತಿಗೆ ಅಂಗೈ ಅಡ್ಡ ಹಿಡಿದಳು. "ಬೇಡ ಅತ್ತೆ. ಒಂದು ಹನಿ ಬಿದ್ರೂ ನನ್ನ ವರ್ಷದ ಸಂಶೋಧನೆ ಮಣ್ಣುಪಾಲು."

"ನಿಂದೇನು ಎದೆನೋ ಕಲ್ಲೋ? ಕಣ್ಣೆದುರಿಗೇ ಬಾಡ್ತಿವೆ, ನೋಡ್ಕೊಂಡು ಕೂತಿದೀಯ."

ತಾರಸಿಯ ಬಿಸಿಲಿನಲ್ಲಿ ಒಂದೇ ಜಾತಿಯ ಕಾಡುಹೂವಿನ ಕುಂಡಗಳು ಎರಡು ಸಾಲಾಗಿ ನಿಂತಿದ್ದವು. "ಎಡಗಡೆಯವು ಅಜ್ಜಿಯಂದಿರು," ಎಂದಳು ಸೊಸೆ, ಕೈ ತೆಗೆಯದೆಯೇ. "ಒಂದು ಬಯಲಿಂದ ಆರಿಸಿ ತಂದ ಮೇಲೆ ಇಪ್ಪತ್ತು ವರ್ಷ ಬೀಜವಾಗಿ ಫ್ರಿಜ್ಜಿನಲ್ಲಿ ಮಲಗಿದ್ವು, ಆಮೇಲೆ ಅಲ್ಲಿ ಬಂದ ಬರ ಕಂಡಿಲ್ಲ. ಬಲಗಡೆಯವು ಅದೇ ಬಯಲಿಂದ ಹೋದ ವರ್ಷ ತಂದ ಬೀಜ, ಅದೇ ವಂಶದ್ದು. ಮಳೆ ಕಡಿಮೆಯಾಗ್ತಾ ಬಂದ ಹಾಗೆ ಅಲ್ಲಿ ತಡವಾಗಿ ಹೂ ಬಿಡೋವು ಬೀಜ ಕಟ್ಟೋ ಮೊದಲೇ ಒಣಗಿದ್ವು, ಬೇಗ ಬಿಡೋವು ಮಾತ್ರ ವಂಶ ಬೆಳೆಸಿದ್ವು ಅಂತ ನಾನು ಹೇಳ್ತಿರೋದು. ಅದು ನಿಜವೋ ಸುಳ್ಳೋ ಗೊತ್ತಾಗಬೇಕಾದ್ರೆ ಇವಕ್ಕೆ ಬಾಯಾರಲೇಬೇಕು."

ಅತ್ತೆ ಮೊಣಕಾಲು ಹಿಡಿದುಕೊಂಡು ಬಗ್ಗಿ ನೋಡಿದರು. ಎಡಗಡೆಯ ಎತ್ತರದ ಗಿಡಗಳು ಒಂದು ಮೊಗ್ಗೂ ಇಲ್ಲದೆ ತಲೆ ಜೋಲುಬಿಟ್ಟಿದ್ದವು. ಬಲಗಡೆಯವು ಗೇಣುದ್ದವೂ ಇರಲಿಲ್ಲ. ಎಲೆಗಳು ಸುರುಟಿಹೋಗಿದ್ದವು, ಆದರೂ ತುದಿಯಲ್ಲಿ ಹಳದಿ ಹೂವು ಸೆಟೆದು ನಿಂತಿತ್ತು. ಒಂದು ಗಿಡದಲ್ಲಂತೂ ಆಗಲೇ ಕಾಯಿ ಕಚ್ಚಿತ್ತು. ಅತ್ತೆ ಅದನ್ನು ಬೆರಳ ತುದಿಯಿಂದ ಮುಟ್ಟಿದರು. "ಸೊಕ್ಕು ನೋಡು ಇದರದ್ದು," ಎಂದರು ಮೆಲ್ಲಗೆ.

ಅಷ್ಟರಲ್ಲಿ ಮಗ ತುಂಬಿದ ಬಕೆಟ್ ಹೊತ್ತು, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ. "ಪಾಪ ಕಣಮ್ಮ, ನನಗೂ ನೋಡೋಕಾಗ್ತಿಲ್ಲ. ಯಾವ ಕಡೆಯಿಂದ ಶುರು ಮಾಡ್ಲಿ?"

ಅತ್ತೆ ಎದ್ದುಹೋಗಿ ತಾರಸಿಯ ಬಾಗಿಲಿಗೆ ಅಡ್ಡ ನಿಂತರು. "ಹೊಸಿಲು ದಾಟಬೇಡ. ಅಷ್ಟೊಂದು ಸುರೀಬೇಕು ಅನ್ಸಿದ್ರೆ ನಿನ್ನ ತಲೆಯಿಂದ ಶುರು ಮಾಡು."