ಕೋಟೆ ತೋಟದ ಮರುಗ

ಇವತ್ತಿಗೂ ಮರುಗದ ವಾಸನೆ ಬಂದರೆ ಮೊದಲು ನನ್ನ ಬೆರಳನ್ನೇ ಮೂಸಿಕೊಳ್ಳುತ್ತೇನೆ.

ಶಿರಾ ಕೋಟೆಯ ತೋಟ ನೋಡಲು ಹೋಗಿದ್ದೆವು. ಗಂಡ ಸತ್ತ ಮೇಲೆ ಹೂವು ಮುಟ್ಟದಿದ್ದ ಅತ್ತೆ, ಅಪ್ಪನ ತಂಗಿ, ಬಾವಿಯ ಕಡೆ ಹೋದವಳು ತಡವಾಗಿ ಬಂದಳು. ಅವಳ ಸೆರಗಿನ ಗಂಟು ಮರುಗದಿಂದ ಘಮ್ಮೆನ್ನುತ್ತಿತ್ತು.

ಕೋಟೆ ಬಾಗಿಲ ಕಲ್ಲಿಗೆ ಒರಗಿದ್ದ ಅಜ್ಜಿ, ಬಾವಿಯ ಹತ್ತಿರ ನಿಂತಿದ್ದ ಮಾಲಿಯನ್ನೊಮ್ಮೆ ದಿಟ್ಟಿಸಿ, “ಇದ್ನ ಯಾರೇ ಕೊಟ್ಟೋರು?” ಎಂದಳು.

ಅತ್ತೆ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. “ನಾನೇ ಕಿತ್ಕೊಟ್ಟಿದ್ದು ಕಣಜ್ಜಿ,” ಎಂದು ನಾನು ಸುಳ್ಳು ಹೇಳಿದೆ.

ಅಜ್ಜಿ ನನ್ನ ಕೈ ಎಳೆದು ಒಂದೊಂದೇ ಬೆರಳು ಮೂಸಿದಳು. ಅಷ್ಟರಲ್ಲಿ ಅಪ್ಪ ಎತ್ತಿನ ಗಾಡಿ ಹೊಡೆದುಕೊಂಡು ಬಾಗಿಲ ಕಡೆ ಬರುವುದು ಕಂಡಿತು. ಅಜ್ಜಿ ಅತ್ತೆಯ ಗಂಟು ಬಿಚ್ಚಿ, ಮರುಗವನ್ನು ನನ್ನ ಅಂಗೈ ಹಸಿರಾಗುವಂತೆ ತಿಕ್ಕಿದಳು.

“ನಿಮ್ಮಪ್ಪ ಕೇಳುದ್ರೂ ಇಂಗೇ ಹೇಳ್ಬುಡು.”